ದಾಸವಾಳದ ಹಿಟ್ಟು ತಿಗಣೆ: ಮೊದಲು ಇರುವೆಯ ದಾರಿ ಕಟ್ಟಿ

ಬೇಸಿಗೆ ಶುರುವಾಯಿತೆಂದರೆ ದಾಸವಾಳದ ಕುಡಿಗೆ ಯಾರೋ ಹತ್ತಿ ಅಂಟಿಸಿದ ಹಾಗೆ ಹಿಟ್ಟು ತಿಗಣೆ ಬರುತ್ತದೆ. "ಬೇವಿನ ಎಣ್ಣೆ ಹೊಡೆದೆ, ಹೋಗಲೇ ಇಲ್ಲ" ಅನ್ನುವವರು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಎಣ್ಣೆಯದೇನೂ ತಪ್ಪಿಲ್ಲ.

1. ಮುದುಡಿದ ಕುಡಿ ಕತ್ತರಿಸಿ, ಕವರಿಗೆ ಹಾಕಿ, ಬಾಯಿ ಕಟ್ಟಿ ಬಿಸಿಲಿಗಿಡಿ. ಗಿಡದ ಬುಡಕ್ಕೆ ಎಸೆಯಬೇಡಿ.

2. ಈಗ ಇರುವೆ. ಎಲ್ಲರೂ ಹಾರಿಸಿಬಿಡುವುದು ಇದನ್ನೇ. ತಿಗಣೆ ರಸ ಹೀರಿ ಸಿಹಿ ಅಂಟು ಬಿಡುತ್ತದೆ. ಅದರ ಆಸೆಗೆ ಇರುವೆಗಳು ತಿಗಣೆಯನ್ನು ಹಸು ಸಾಕಿದಂತೆ ಸಾಕುತ್ತವೆ. ಮರಿಗಳನ್ನು ಹೊಸ ಕುಡಿಗೆ ಹೊತ್ತೊಯ್ಯುತ್ತವೆ, ತಿಗಣೆ ತಿನ್ನಲು ಬಂದ ಹುಳುವನ್ನು ಕಚ್ಚಿ ಓಡಿಸುತ್ತವೆ. ಅದಕ್ಕೇ ಕಾಂಡಕ್ಕೆ ನೆಲದಿಂದ ಒಂದು ಗೇಣು ಮೇಲೆ ಅಗಲವಾದ ಪ್ಲಾಸ್ಟಿಕ್ ಟೇಪ್ ಬಿಗಿಯಾಗಿ ಸುತ್ತಿ, ಅದರ ಮೇಲೆ ಗ್ರೀಸ್ ಬಳಿಯಿರಿ. ತೊಗಟೆಗೇ ಗ್ರೀಸ್ ಬಳಿಯಬೇಡಿ, ಕಾಂಡ ಹಾಳಾಗುತ್ತದೆ. ಧೂಳು ಕೂತರೆ ಮತ್ತೆ ಬಳಿಯಿರಿ. ಟೇಪ್ ಹಾಕಿ ಗೆದ್ದೆ ಅಂದುಕೊಂಡರೆ, ಗೋಡೆಗೆ ತಾಗಿದ ಒಂದೇ ಕೊಂಬೆ ಸಾಕು, ಇರುವೆಗೆ ಅದೇ ಸೇತುವೆ. ಅಂಥ ಕೊಂಬೆಗಳನ್ನು ಕಡಿದುಬಿಡಿ. ಕುಂಡವಾದರೆ ನೀರಿನ ತಟ್ಟೆಯ ನಡುವೆ ಇಟ್ಟಿಗೆ ಇಟ್ಟು ಅದರ ಮೇಲೆ ಕೂರಿಸಿ. ಎರಡು ದಿನಕ್ಕೊಮ್ಮೆ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಸಾಕಿದಂತೆ ಆಗುತ್ತದೆ. ಸೀಮೆಸುಣ್ಣದ ಗೆರೆ ನಂಬಬೇಡಿ, ಒಂದು ಮಳೆಗೆ ತೊಳೆದುಹೋಗುತ್ತದೆ.

3. ಎಣ್ಣೆಯ ಸರದಿ. ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ. ಸ್ವಲ್ಪ ಬೆಚ್ಚನೆ ನೀರಿನಲ್ಲಿ ಮೊದಲು ಅರ್ಧ ಚಮಚ ಸೋಪಿನ ದ್ರವ ಕದಡಿ, ಆಮೇಲೆ ಎಣ್ಣೆ ಹಾಕಿ ಹಾಲಿನಂತಾಗುವವರೆಗೆ ಕುಲುಕಿ, ಉಳಿದ ನೀರು ಸೇರಿಸಿ. ಸುಮ್ನೆ ನೀರಿಗೆ ಎಣ್ಣೆ ಸುರಿದರೆ ಅದು ತೇಲುತ್ತದೆ, ಎಲೆ ಸುಡುತ್ತದೆ. ಇಷ್ಟೆಲ್ಲ ಬೇಡ ಅಂದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸಾಬೂನು ಇದೆ, ನಾನು ಈಗ ಅದನ್ನೇ ಬಳಸುವುದು. ನರ್ಸರಿಯವರೊಬ್ಬರು ಕೊಟ್ಟ, ಲೇಬಲ್ಲೇ ಇಲ್ಲದ "ಎಲ್ಲಾ ಹುಳಕ್ಕೂ ಒಂದೇ ಔಷಧ" ನನ್ನ ಗಿಡದ ಎಲೆಯನ್ನೆಲ್ಲ ಉದುರಿಸಿತ್ತು. ಸಂಜೆ ಹೊಡೆಯಿರಿ, ಎಲೆಯ ಅಡಿಗೂ ಬೀಳಲಿ. ಹತ್ತಿಯಂಥ ಚೀಲದೊಳಗಿನ ಮೊಟ್ಟೆಗೆ ಔಷಧ ತಾಗುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ಮೂರು ಸಲ.

4. ಎರಡನೇ ಸಲ ಹೊಡೆಯುವ ಮುನ್ನ ಕಣ್ಣಿಟ್ಟು ನೋಡಿ. ತಿಗಣೆಗಿಂತ ದೊಡ್ಡದಾದ, ಉದ್ದುದ್ದ ಬಿಳಿ ಎಳೆಗಳಿರುವ ಹುಳ ಕಂಡರೆ ಕಡ್ಡಿಯಿಂದ ಮುಟ್ಟಿ. ಚುರುಕಾಗಿ ಓಡಿತೇ? ಅದು ಶತ್ರುವಲ್ಲ, ತಿಗಣೆ ತಿನ್ನುವ ಗುಲಗಂಜಿ ಹುಳದ ಮರಿ. ಆಸ್ಟ್ರೇಲಿಯಾದ ಈ ಹುಳವನ್ನು ಕಾಫಿ ಗಿಡದ ಕೀಟಕ್ಕೆಂದು 1898ರಲ್ಲೇ ಇಲ್ಲಿಗೆ ತಂದಿದ್ದರು. ಅದು ಇದ್ದರೆ ಬಾಟಲಿ ಕೆಳಗಿಡಿ, ಗ್ರೀಸ್ ಮಾತ್ರ ನೋಡಿಕೊಳ್ಳಿ.