ನೂರೆಂಟು ಸೂರ್ಯ ನಮಸ್ಕಾರ, ಐದು ಜನರ ಜೊತೆ

ರಥಸಪ್ತಮಿ ಬಂತೆಂದರೆ ಮೈಸೂರಿನಲ್ಲಿ ಬೆಳಗಿನ ಜಾವ ಪಾರ್ಕು, ಮೈದಾನ, ಯೋಗ ಶಾಲೆ ಅಂತ ಎಷ್ಟೋ ಕಡೆ 108 ಸೂರ್ಯ ನಮಸ್ಕಾರ ನಡೆಯುತ್ತದೆ. ನಾವು ಐದು ಜನ ನಮ್ಮ ಮನೆಯ ತಾರಸಿಯಲ್ಲೇ ಮಾಡಿದೆವು. ಒಬ್ಬಳೇ ಆಗಿದ್ದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತಿದ್ದೆ. ಜೊತೆಗಿದ್ದವರು ಏನು ಮಾಡಿದ್ದರಿಂದ ಅದು ಮುಗಿಯಿತು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲೆಕ್ಕ. ಒಂದು ನಮಸ್ಕಾರಕ್ಕೆ 12 ಹಂತ. ‘ಮಿತ್ರಾಯ ನಮಃ’ದಿಂದ ‘ಭಾಸ್ಕರಾಯ ನಮಃ’ದವರೆಗೆ 12 ಮಂತ್ರ, ಒಂದೊಂದಕ್ಕೂ ಒಂದು ನಮಸ್ಕಾರ. ಅಲ್ಲಿಗೆ ಒಂದು ಸುತ್ತು. ಇಂಥ ಒಂಬತ್ತು ಸುತ್ತು ಆದರೆ 108. ಕೇಳುವುದಕ್ಕೆ ಸುಲಭ. ಆದರೆ ಅಷ್ಟರಲ್ಲಿ 108 ಸಲ ಎದೆ ನೆಲಕ್ಕೆ ಇಳಿಸಿ ಎತ್ತಬೇಕು, 216 ಸಲ ಸೊಂಟ ಬಗ್ಗಿಸಿ ಪಾದ ಮುಟ್ಟಬೇಕು. ಒಂದಕ್ಕೆ 40 ಸೆಕೆಂಡ್ ಹಿಡಿದರೂ ಬಿಡುವಿಲ್ಲದೆ ಒಂದು ಗಂಟೆ 12 ನಿಮಿಷ.

ತಯಾರಿ ಡಿಸೆಂಬರ್‌ನಲ್ಲೇ ಶುರುವಾಯಿತು. ಒಂದು ಸುತ್ತಿನಿಂದ ಆರಂಭಿಸಿ, ಮೈ ಒಗ್ಗಿದ ಮೇಲೆ ಇನ್ನೊಂದು ಸೇರಿಸುತ್ತಾ ಹೋದೆವು. ನಮ್ಮಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಅವರದು ನಿಧಾನ. ಎಲ್ಲರೂ ಅವರ ವೇಗಕ್ಕೇ ಮಾಡಬೇಕು ಅಂತ ಮೊದಲ ದಿನವೇ ಮಾತಾಯಿತು. ಇದು ನಮಗೆ ತುಂಬ ಉಪಕಾರ ಮಾಡಿತು. ವೇಗ ಜಾಸ್ತಿಯಾದರೆ ಉಸಿರು ತಪ್ಪುತ್ತದೆ. ಕೈ ಮೇಲೆತ್ತುವಾಗ ಉಸಿರು ತೆಗೆದುಕೊಳ್ಳಬೇಕು, ಬಗ್ಗುವಾಗ ಬಿಡಬೇಕು. ಈ ತಾಳ ಉಳಿದರೆ ಕಾಲು, ಭುಜ ಎರಡೂ ಹೆಚ್ಚು ಹೊತ್ತು ತಡೆಯುತ್ತವೆ.

ಇನ್ನು ಎದುರು ಮನೆಯ ಅಕ್ಕ. ಭುಜದ ನೋವಿನಿಂದ ಅವರಿಗೆ ಆ ವರ್ಷ ಮಾಡುವ ಹಾಗಿರಲಿಲ್ಲ. ‘ನಾನು ಎಣಿಸ್ತೀನಿ’ ಅಂತ ಕುರ್ಚಿ ಹಾಕಿಕೊಂಡು ಕೂತರು. ಮುಂದೆ ಒಂಬತ್ತು ಹುಣಿಸೆ ಬೀಜ. ಸುತ್ತು ಮುಗಿದಾಗಲೆಲ್ಲ ಒಂದು ಬೀಜ ಈ ಕಡೆಯಿಂದ ಆ ಕಡೆಗೆ. ಮಂತ್ರ ಹೇಳುವುದು, ಯಾವ ಕಾಲು ಹಿಂದಕ್ಕೆ ಅಂತ ನೆನಪಿಸುವುದು, ಎಲ್ಲ ಅವರದೇ. ಎಣಿಕೆ ತಲೆಯಿಂದ ಇಳಿದರೆ ಎಷ್ಟು ಹಗುರ ಅನ್ನುವುದು ನನಗೆ ಗೊತ್ತೇ ಇರಲಿಲ್ಲ. ಒಬ್ಬಳೇ ಮಾಡುವಾಗ ಮನಸ್ಸು ‘ಇನ್ನೂ ಎಷ್ಟು?’ ಅಂತ ಕೇಳುತ್ತಲೇ ಇರುತ್ತದೆ. ಇಲ್ಲಿ ಕೇಳುವ ಅಗತ್ಯವೇ ಬರಲಿಲ್ಲ.

ಆ ದಿನ ಎಕ್ಕದ ಎಲೆ ಇಟ್ಟುಕೊಂಡು ಸ್ನಾನ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ಶುರು ಮಾಡಿದೆವು. ಮೊದಲ ನಾಲ್ಕು ಸುತ್ತು ಸಲೀಸು. ಚಳಿಗೆ ಬಿಗಿದಿದ್ದ ಮೈ ಬಿಟ್ಟುಕೊಂಡಿತು.

ಐದನೆಯ ಸುತ್ತಿನಲ್ಲಿ ಕಷ್ಟ ಬಂತು. ಎದೆ, ಗಲ್ಲ, ಮಂಡಿ ನೆಲಕ್ಕೆ ತಾಗಿಸುವ ಅಷ್ಟಾಂಗ ನಮಸ್ಕಾರಕ್ಕೆ ಇಳಿಯುವಾಗ ತೋಳು ನಡುಗುತ್ತಿತ್ತು. ಮಣಿಕಟ್ಟು ಉರಿ. ಬೆವರು ಕಣ್ಣಿಗೆ ಇಳಿಯುತ್ತಿತ್ತು, ಅಂಗೈ ಮ್ಯಾಟ್ ಮೇಲೆ ಜಾರುತ್ತಿತ್ತು. ಅಕ್ಕ ಹುರಿದುಂಬಿಸುವ ಮಾತು ಒಂದೂ ಆಡಲಿಲ್ಲ. ‘ಉಸಿರು ಬಿಡಮ್ಮ’ ಅಂದರು, ಅಷ್ಟೇ. ಉಸಿರು ಬಿಟ್ಟೆ, ಹೊಟ್ಟೆ ಒಳಕ್ಕೆ ಹೋಯಿತು, ಬೆನ್ನು ಎದ್ದಿತು. ಸುಸ್ತಾದವರಿಗೆ ‘ಆಗುತ್ತೆ, ಆಗುತ್ತೆ’ ಅನ್ನುವುದಕ್ಕಿಂತ ಮುಂದೆ ಮಾಡಬೇಕಾದ ಒಂದೇ ಕೆಲಸ ಹೇಳುವುದು ಮೇಲು ಅಂತ ನನಗೆ ಅನಿಸಿದ್ದು ಆಗಲೇ.

ಇನ್ನೊಂದು ನಿಯಮವೂ ನಮ್ಮಲ್ಲಿತ್ತು. ತೀರಾ ಆಗದವರು ಕೈಕಾಲು ನೆಲಕ್ಕೂರಿ ಸೊಂಟ ಮೇಲೆತ್ತುವ ಪರ್ವತಾಸನದಲ್ಲೇ ನಿಂತು, ಒಂದು ನಮಸ್ಕಾರ ಬಿಟ್ಟು, ಮುಂದಿನದಕ್ಕೆ ಸೇರಿಕೊಳ್ಳಬಹುದು. ಬಿಟ್ಟದ್ದನ್ನು ಕೊನೆಗೆ ಮಾಡಿದರಾಯಿತು. ಯಾರೂ ತಿರುಗಿ ನೋಡಬಾರದು. ಆರನೆಯ ಸುತ್ತಿನಲ್ಲಿ ನಾನು ಹಾಗೆ ನಿಂತೆ. ಪಕ್ಕದ ಮ್ಯಾಟ್‌ನಲ್ಲಿದ್ದ ಗೆಳತಿಯ ಉಸಿರು ಕೇಳುತ್ತಿತ್ತು. ಅದನ್ನೇ ಹಿಡಿದು ಮತ್ತೆ ಸೇರಿಕೊಂಡೆ. ಏಳರಲ್ಲಿ ಅವಳೇ ಸೋತಳು. ಆಗ ನಾನು ಅಕ್ಕನ ಜೊತೆ ಮಂತ್ರ ಗಟ್ಟಿಯಾಗಿ ಹೇಳಿದೆ, ಮೇಷ್ಟ್ರು ದನಿ ಸೇರಿಸಿದರು. ಅವಳು ಎದ್ದಳು.

ಎಂಟು, ಒಂಬತ್ತು ಹೇಗೆ ಮುಗಿದವೋ! ನಾನು ಬಿಟ್ಟಿದ್ದ ಒಂದು ಬಾಕಿ ಇತ್ತಲ್ವಾ? ಅದನ್ನು ಎಲ್ಲರೂ ನನ್ನ ಜೊತೆ ಇನ್ನೊಮ್ಮೆ ಮಾಡಿದರು. ಬೇಡ ಅಂದರೂ ಕೇಳಲಿಲ್ಲ. ಆಮೇಲೆ ಶವಾಸನ. ಇದನ್ನು ಮಾತ್ರ ಅವಸರದಲ್ಲಿ ಮುಗಿಸಬೇಡಿ, ಎದೆಬಡಿತ ತಗ್ಗುವವರೆಗೆ ಮಲಗಿರಿ. ನಂತರ ಎಳನೀರು, ಬಾಳೆಹಣ್ಣು. ಬಿಪಿ, ಹರ್ನಿಯಾ, ಬೆನ್ನುಹುರಿಯ ತೊಂದರೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಅಕ್ಕನ ಭುಜ ಈಗ ವಾಸಿಯಾಗಿದೆ. ಮುಂದಿನ ರಥಸಪ್ತಮಿಗೆ ಅವರೂ ಮ್ಯಾಟ್ ಹಾಸುತ್ತಾರೆ. ಐದರಿಂದ ಏಳನೆಯ ಸುತ್ತಿನವರೆಗೆ ಎಣಿಸಲು ಮೇಷ್ಟ್ರ ಮಗಳನ್ನು ಈಗಲೇ ಒಪ್ಪಿಸಿದ್ದೇವೆ.