ಪಾಸ್‌ಬುಕ್ಕಿನಲ್ಲಿ ಸಿಕ್ಕಿದ ಬೈಪೋಲಾರ್

ಡಿಪ್ರೆಶನ್ ಎಂದು ಬಂದವರಲ್ಲಿ ಬೈಪೋಲಾರ್ (ಮನಸ್ಸು ಒಮ್ಮೆ ಮಂಕಾಗಿ, ಒಮ್ಮೆ ವಿಪರೀತ ಚುರುಕಾಗುವ ಕಾಯಿಲೆ) ಯಾರಿಗಿದೆ ಎಂದು ನೋಡಲು ನಾನು ಪಾಸ್‌ಬುಕ್ ತರಿಸುತ್ತೇನೆ ಎಂದಾಗ ಉಡುಪಿಯ ಗೆಳೆಯರು ನಕ್ಕಿದ್ದರು. "ನೀನು ಡಾಕ್ಟರಾ, ಇನ್ಕಮ್ ಟ್ಯಾಕ್ಸಿನವನಾ?" ಎಂದು ಒಬ್ಬರು ಕೇಳಿದರು. ಈಗ ಅವರೇ ನನ್ನ ಹಾಳೆ ಕೇಳಿ ಪಡೆಯುತ್ತಾರೆ.

ಮೊದಲು ನಾನೂ ಎಲ್ಲರಂತೆ, ಹಿಂದೆ ಅತಿ ಚುರುಕಾಗಿದ್ದಿರಾ ಎಂದು ಕೇಳುವ 13 ಪ್ರಶ್ನೆಗಳ ಫಾರ್ಮ್ ಕೊಡುತ್ತಿದ್ದೆ. ಮಂಕಾಗಿ ಕೂತವರಿಗೆ ಹಿಂದೆ ಚುರುಕಾಗಿದ್ದದ್ದು ನೆನಪಿಗೇ ಬರುವುದಿಲ್ಲ. ಎಲ್ಲದಕ್ಕೂ "ಇಲ್ಲ". ಬೇಗ ಮುಗಿಯಲಿ ಅಂತ ಕೆಲವರು ಎಲ್ಲದಕ್ಕೂ "ಹೌದು". ಮನೆಯವರನ್ನು ಕೇಳಿದರೆ, "ಆಗ ಭಾರೀ ಹುಷಾರಿದ್ದ ಮಾರಾಯ್ರೆ, ಇಬ್ಬರ ಕೆಲಸ ಒಬ್ಬನೇ ಮಾಡ್ತಿದ್ದ!" ಆ ಅತಿ ಚುರುಕಿನ ಹಗುರ ರೂಪವಾದ ಹೈಪೋಮೇನಿಯಾ ಎನ್ನಲು ನಾಲ್ಕು ದಿನ ಸಾಕು. ಹುಷಾರಿದ್ದ ನಾಲ್ಕು ದಿನವನ್ನು ಯಾರು ಲೆಕ್ಕ ಇಡುತ್ತಾರೆ?

ನಿದ್ದೆ ಅಳೆಯುವ ಕೈಪಟ್ಟಿಗಳನ್ನೂ ತರಿಸಿದೆ. ಒಂದಕ್ಕೆ ಸುಮಾರು ಎರಡು ಸಾವಿರ. ಕೆಲವು ಬೋಟಿನಲ್ಲಿ ಹೋದವು. ಒಂದು ವಾಪಸ್ ಬಂದಾಗ ಅದರಲ್ಲಿ ಇದ್ದದ್ದು ರೋಗಿಯ ಮಗನ ಕ್ರಿಕೆಟ್ ಲೆಕ್ಕ! ಹದಿನೈದು ಸಾವಿರದಷ್ಟು ಹಣ ನೀರಿಗೆ ಹೋಯಿತು.

ಕೊನೆಗೆ ಕೆಲಸಕ್ಕೆ ಬಂದದ್ದು ಐದಾರು ರೂಪಾಯಿಯ ದೊಡ್ಡ ಹಾಳೆ. ಅಡ್ಡಕ್ಕೆ ಮೂರ್ನಾಲ್ಕು ವರ್ಷ. ತಿಂಗಳ ಹೆಸರಿನ ಜಾಗದಲ್ಲಿ ಊರವರು ನೆನಪಿಡುವ ಹಬ್ಬ, ದಿನಗಳು: ಪತ್ತನಾಜೆ, ಆಟಿ, ವಿಟ್ಲಪಿಂಡಿ, ಕಂಬಳ, 2022ರ ಕೃಷ್ಣಾಪುರ ಪರ್ಯಾಯ, 2024ರ ಪುತ್ತಿಗೆ ಪರ್ಯಾಯ (ಕೃಷ್ಣಮಠದ ಪೂಜೆಯ ಸರದಿ ಮಠದಿಂದ ಮಠಕ್ಕೆ ಹೋಗುವ ದಿನ). ಮೊದಲ ಸಾಲು ನಿದ್ದೆಯದ್ದು. "ಜನವರಿಯಲ್ಲಿ ನಿದ್ದೆ ಹೇಗಿತ್ತು?" ಎಂದರೆ ಸುಮ್ನೆ ಮುಖ ನೋಡುತ್ತಾರೆ. "ಪುತ್ತಿಗೆ ಪರ್ಯಾಯದ ರಾತ್ರಿ ಎಲ್ಲಿದ್ದಿರಿ?" ಎಂದರೆ ಮಾತು ಬರುತ್ತದೆ. ಆ ರಾತ್ರಿ ಊರಿಗೆ ಊರೇ ಎಚ್ಚರ, ಅದು ಲೆಕ್ಕಕ್ಕಿಲ್ಲ. ಮರುದಿನ ಮಲಗಿದರಾ ಎನ್ನುವುದು ಮುಖ್ಯ. ಮಲಗದೆ, ಸುಸ್ತೂ ಇಲ್ಲದೆ, ವಾರವಿಡೀ ಮೂರೇ ಗಂಟೆ ನಿದ್ದೆಯಲ್ಲಿ ಓಡಾಡಿದ್ದರೆ ನನ್ನ ಪೆನ್ನು ಅಲ್ಲಿ ನಿಲ್ಲುತ್ತದೆ. ನಿದ್ದೆ ಬರುತ್ತಿಲ್ಲ ಎಂದು ಹೊರಳಾಡುವವರದ್ದು ಬೇರೆ ಸಂಗತಿ.

ಅತಿ ಚುರುಕಾದಾಗ ಕೈಯೂ ಸಡಿಲ, ಹಾಗಾಗಿ ಅದರ ಕೆಳಗೆ ಹಣದ ಸಾಲು: ಪಾಸ್‌ಬುಕ್, ಸೊಸೈಟಿಯಲ್ಲಿ ಚಿನ್ನ ಅಡವಿಟ್ಟ ಚೀಟಿ. ರೋಗಿ ಒಪ್ಪಿದರೆ ಮಾತ್ರ. ಇಲ್ಲಿ ಎಡವುವುದು ಸುಲಭ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಮಲ್ಪೆಯ ಅರ್ಧ ಪಾಸ್‌ಬುಕ್ ಡಿಪ್ರೆಶನ್ನಿನಂತೆ, ಆಗಸ್ಟಿನಲ್ಲಿ ಮೇನಿಯಾದಂತೆ (ಅತಿ ಚುರುಕಿನ ಹಂತ) ಕಾಣುತ್ತದೆ. ಶಂಕರಪುರ ಮಲ್ಲಿಗೆಗೆ ರೇಟು ಬಂದ ತಿಂಗಳೂ ಹಾಗೆಯೇ. ಗಲ್ಫಿನಿಂದ ಮಗ ಬಂದಿದ್ದರಂತೂ ಕೇಳುವುದೇ ಬೇಡ. ಹಾಗಾಗಿ ಹಣ ಒಂದನ್ನೇ ನಾನು ನಂಬುವುದಿಲ್ಲ. ನಿದ್ದೆಯೂ ಅದೇ ವಾರ ಇಳಿದಿರಬೇಕು, "ಇವನು ಇವನ ಹಾಗಿಲ್ಲ" ಎಂದು ಹೊರಗಿನವರಿಗೂ ಅನ್ನಿಸಿರಬೇಕು.

ಮೂರನೇ ಸಾಲು ಮಾತ್ರೆಯದ್ದು. ಒಬ್ಬ ಮಹಿಳೆಗೆ ಏಳೆಂಟು ವರ್ಷ ಡಿಪ್ರೆಶನ್ ಮಾತ್ರೆ ಬದಲಾಗುತ್ತಲೇ ಇತ್ತು. ಹಾಳೆ ಹಾಕಿದರೆ, ಡೋಸ್ ಏರಿಸಿದಾಗಲೆಲ್ಲ ಎರಡು ಮೂರು ವಾರದಲ್ಲಿ ಚಿನ್ನ ಸೊಸೈಟಿಗೆ ಹೋಗಿದೆ! ಮಾತ್ರೆಯೇ ಮನಸ್ಸನ್ನು ಅತಿ ಚುರುಕಿಗೆ ಏರಿಸುತ್ತಿತ್ತು. ಬಾಣಂತಿಯಾಗಿದ್ದಾಗ ಒಮ್ಮೆ ತಲೆ ಕೆಟ್ಟಿತ್ತು ಎಂದು ಅತ್ತೆ ಆಗ ಬಾಯಿಬಿಟ್ಟರು. ಈಗ ಲಿಥಿಯಂ (ಮನಸ್ಸಿನ ಏರಿಳಿತ ತಡೆಯುವ ಮಾತ್ರೆ) ಮೇಲೆ ಇದ್ದಾರೆ, ಎರಡು ಮಳೆಗಾಲ ಡಿಪ್ರೆಶನ್ನಿನಲ್ಲಿ ಹಾಸಿಗೆ ಹಿಡಿಯದೆ ಕಳೆದಿದ್ದಾರೆ. ನೆನಪಿನಿಂದ ಹೇಳುವುದಾದರೆ ಮೊದಲ ನಲವತ್ತು ಜನರಲ್ಲಿ ಎಂಟೊಂಬತ್ತು ಮಂದಿಯ ಡಯಾಗ್ನೋಸಿಸ್ ಬದಲಾಯಿತು. ಅವರಲ್ಲಿ ಹೆಚ್ಚಿನವರನ್ನು ನನಗಿಂತ ದೊಡ್ಡ ಹೆಸರಿನವರು ನೋಡಿ ಕಳಿಸಿದ್ದರು.

ಖರ್ಚು? ಒಬ್ಬರಿಗೆ ಒಂದು ಗಂಟೆ. ಆ ಹೊತ್ತಿಗೆ ಐದು ಜನರನ್ನು ನೋಡಬಹುದಿತ್ತು ಎಂದು ಕೌಂಟರಿನ ಹುಡುಗಿ ಈಗಲೂ ಗೊಣಗುತ್ತಾಳೆ. ಶನಿವಾರ ಮಧ್ಯಾಹ್ನ ಇದಕ್ಕೇ ಬಿಟ್ಟು, ಫೀಸು ಒಂದೂವರೆ ಪಟ್ಟು ಮಾಡಿದೆ. ಆದರೂ ಸರಿದೂಗುವುದಿಲ್ಲ. ಅತ್ತೆ ಮಾವಂದಿರನ್ನು ಹೊರಗೆ ಕೂರಿಸಿದ ಮೇಲೆ ಕೇಳುವ ಒಂದು ಪ್ರಶ್ನೆ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಶನಿವಾರ ಬಂದು ಕೂತರೆ ಹೇಳುತ್ತೇನೆ.

ಬೋಟಿನವರಿಗೆ ಲಿಥಿಯಂ ಶುರು ಮಾಡುವವರು ಒಂದು ಗಮನಿಸಿ. ಲಿಥಿಯಂ ಲೆವೆಲ್ ನೋಡಲು ಕೊನೆಯ ಮಾತ್ರೆ ತಗೊಂಡು 12 ಗಂಟೆಯಾದ ಮೇಲೆ ರಕ್ತ ಪರೀಕ್ಷೆಗೆ ಕೊಡಬೇಕಲ್ವಾ, ಬೋಟು ದಡಕ್ಕೆ ಬರುವ ದಿನ ಮೊದಲೇ ಕೇಳಿಟ್ಟುಕೊಳ್ಳಿ. ಸೊಂಟನೋವಿಗೆ ಮೆಡಿಕಲ್‌ನಿಂದ ಡೈಕ್ಲೋಫೆನಾಕ್ ಕಟ್ಟಿಸಿಕೊಂಡು ಹತ್ತುವವರೇ ಜಾಸ್ತಿ. ಮೇಲೆ ಬಿಸಿಲು, ಬೆವರು. ರಕ್ತದಲ್ಲಿ ಲಿಥಿಯಂ ಲೆವೆಲ್ ಏರಲು ಇಷ್ಟು ಸಾಕು.