ದುಬಾರಿ ಫೇಸ್‌ವಾಶ್‌ಗೆ ಅಗ್ಗದ ಬದಲಿ ಹುಡುಕುವುದು ಹೇಗೆ?

ನಮ್ಮ ಬಚ್ಚಲಿನಲ್ಲಿ ಒಂದು ಬಿಳಿ ಪಂಪ್ ಬಾಟಲಿ ಇತ್ತು. ಚರ್ಮದ ಡಾಕ್ಟರು ಹೇಳಿದರೆಂದು ತಂದದ್ದು. ಎರಡು ತಿಂಗಳು ಬರಬೇಕಾದದ್ದು ಹದಿನೆಂಟನೇ ದಿನಕ್ಕೇ ಗೊರಗೊರ ಎಂದು ಗಾಳಿ ಉಗುಳಿತು. ವಿಚಾರಿಸಿದರೆ, ಮಗರಾಯ ಕ್ರಿಕೆಟ್ ಆಡಿ ಬಂದು ಅದರಲ್ಲೇ ಕಾಲು ತೊಳೆಯುತ್ತಿದ್ದ. ‘ನೊರೆನೇ ಬರಲ್ಲಮ್ಮ, ಅದಕ್ಕೇ ನಾಲ್ಕು ಸಲ ಒತ್ತಿದೆ’ ಅಂದ.

ಇನ್ನೊಂದು ಬಾಟಲಿ ತರಲು ಹೋದಾಗ ಮೆಡಿಕಲ್ ಶಾಪಿನವರನ್ನು ‘ಇದೇ ಥರದ್ದು, ಸ್ವಲ್ಪ ಕಡಿಮೇದು ಇದೆಯಾ?’ ಎಂದು ಕೇಳಿದೆ. ಅವರು ಮೂರು ಡಬ್ಬಿ ಮುಂದಿಟ್ಟು ‘ಎಲ್ಲಾ ಒಂದೇ ಮೇಡಂ’ ಅಂದರು. ಎಲ್ಲಾ ಒಂದೇ ಅಲ್ಲ ಎನ್ನುವುದು ಒಂದನ್ನು ತಂದು ಹಚ್ಚಿಕೊಂಡ ಮೇಲೆ ಗೊತ್ತಾಯಿತು. ಬೆಲೆಯಲ್ಲಿ ಇದ್ದಷ್ಟು ವ್ಯತ್ಯಾಸ ಒಳಗಿನ ಸರಕಿನಲ್ಲಿ ಇಲ್ಲ ಎನ್ನುವುದು ಆಮೇಲೆ ಕೂತು ಮೂರರ ಲೇಬಲ್ಲನ್ನೂ ಓದಿದಾಗ ತಿಳಿಯಿತು. ಮುಖ ತೊಳೆಯುವ ದ್ರವ ಚರ್ಮದ ಮೇಲೆ ಇರುವುದು ಹೆಚ್ಚೆಂದರೆ ಒಂದು ನಿಮಿಷ. ಆಮೇಲೆ ಚರಂಡಿಯ ಪಾಲು. ಅದರಲ್ಲಿ ವಿಟಮಿನ್ನು, ಗುಲಾಬಿ ಸಾರ, ಕೇಸರಿ ಎಷ್ಟಿದ್ದರೂ ಬಹುಪಾಲು ನೀರಿನ ಜೊತೆಗೇ ಹೋಗುತ್ತದೆ. ಹೀಗಾಗಿ ಹುಡುಕಬೇಕಾದದ್ದು ಹೆಸರಿನ ಬದಲಿಯನ್ನಲ್ಲ, ತೊಳೆಯುವ ಗುಣದ ಬದಲಿಯನ್ನು.

ಮೊದಲು, ಅದು ಮನೆಗೆ ಬಂದದ್ದು ಯಾಕೆ?

ಮೊಡವೆಗೆಂದು ಬೆಂಜಾಯ್ಲ್ ಪೆರಾಕ್ಸೈಡ್ ಅಥವಾ ಸ್ಯಾಲಿಸಿಲಿಕ್ ಆ್ಯಸಿಡ್ ಇರುವುದನ್ನೋ, ತಲೆಹೊಟ್ಟಿಗೆಂದು ಕೀಟೊಕೊನಜೋಲ್ ಇರುವುದನ್ನೋ ಡಾಕ್ಟರು ಬರೆದುಕೊಟ್ಟಿದ್ದರೆ ಅದು ಔಷಧ. ನೀವಾಗಿಯೇ ಬದಲಿಸಬೇಡಿ. ಅದೇ ಔಷಧ, ಅದೇ ಶೇಕಡಾ ಪ್ರಮಾಣದಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ ಎಂದು ಅವರನ್ನೇ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. (ಬೆಂಜಾಯ್ಲ್ ಪೆರಾಕ್ಸೈಡ್ ಬಳಸುವವರು ಬಣ್ಣದ ಟವೆಲ್ ದೂರವಿಡಿ, ಬಣ್ಣ ಬಿಟ್ಟು ಮಚ್ಚೆ ಮಚ್ಚೆ ಆಗುತ್ತದೆ.)

‘ಮೃದುವಾದ ಕ್ಲೆನ್ಸರ್ ಯಾವುದಾದರೂ ಹಚ್ಚಿ’ ಎಂದು ಹೇಳಿ ಕಳಿಸಿದ್ದರೆ, ಅಥವಾ ಗೆಳತಿಯ ಮುಖ ನೋಡಿ ನೀವೇ ಕೊಂಡಿದ್ದರೆ, ಮುಂದೆ ಓದಿ.

ಲೇಬಲ್ಲಿನ ಮೊದಲ ಆರು ಹೆಸರು

ಡಬ್ಬಿಯ ಮುಂಭಾಗ ಜಾಹೀರಾತು, ಹಿಂಭಾಗ ಜಾತಕ. ನಮ್ಮ ದೇಶದ ಕಾಸ್ಮೆಟಿಕ್ಸ್ ನಿಯಮಗಳು 2020ರ ಪ್ರಕಾರ ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆ ಕ್ರಮದಲ್ಲೇ ಅಚ್ಚು ಹಾಕಬೇಕು. ಶೇ 1 ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಯಲ್ಲಿ ಯಾವ ಕ್ರಮದಲ್ಲಾದರೂ ಹಾಕಬಹುದು. ಅಂದರೆ ಡಬ್ಬಿಯ ನಿಜವಾದ ಕಥೆ ಮೊದಲ ಐದಾರು ಹೆಸರಿನಲ್ಲೇ ಮುಗಿದಿರುತ್ತದೆ.

ಆ ಶೇ 1ರ ಗೆರೆ ಎಲ್ಲಿ ಬೀಳುತ್ತದೆ ಎಂದು ಊಹಿಸಲು ಒಂದು ಉಪಾಯವಿದೆ. ಫಿನಾಕ್ಸಿಎಥನಾಲ್ ಎಂಬ ಹೆಸರು ಹುಡುಕಿ. ಅದು ಕೆಡದಂತೆ ಕಾಯುವ ಪದಾರ್ಥ, ಶೇ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಅದರ ನಂತರ ಬರುವುದೆಲ್ಲ ಶೇ 1 ಅಥವಾ ಅದಕ್ಕಿಂತ ಕಡಿಮೆ. ಮುಂದೆ ದೊಡ್ಡಕ್ಷರದಲ್ಲಿ ‘ಕೇಸರಿ’ ಎಂದು ಬರೆದು, ಹಿಂದೆ ಅದು ಫಿನಾಕ್ಸಿಎಥನಾಲ್ ಆದಮೇಲೆ ಕಾಣಿಸಿಕೊಂಡರೆ, ಮದುವೆಮನೆ ಪಾಯಸದ ಕೊಪ್ಪರಿಗೆಗೆ ಬಿದ್ದ ಎರಡು ಎಸಳು ಅಂದುಕೊಳ್ಳಿ.

ಈಗ ದುಬಾರಿ ಬಾಟಲಿಯ ಮೊದಲ ಆರು ಹೆಸರನ್ನು ಫೋನಿನಲ್ಲಿ ಫೋಟೊ ತೆಗೆದುಕೊಂಡು ಅಂಗಡಿಗೆ ಹೋಗಿ. ಹೆಸರುಗಳು ನಾಲಿಗೆ ಹೊರಳದಷ್ಟು ಉದ್ದ. ಪೂರ್ತಿ ಓದಬೇಕಿಲ್ಲ, ಬಾಲ ನೋಡಿದರೆ ಸಾಕು. ಬಾಲ ‘ಗ್ಲುಕೋಸೈಡ್’, ‘ಬಿಟೈನ್’, ‘ಐಸಿಥಯೊನೇಟ್’ ಎಂದಿದ್ದರೆ ಮೆತ್ತಗೆ ತೊಳೆಯುವ ಜಾತಿ. ‘ಲಾರೆತ್ ಸಲ್ಫೇಟ್’ ನಡುವಿನದು. ‘ಲಾರಿಲ್ ಸಲ್ಫೇಟ್’ ನೀರಿನ ಬೆನ್ನಲ್ಲೇ, ಎರಡನೇ ಸ್ಥಾನದಲ್ಲೇ ಕೂತಿದ್ದರೆ ಒಣ ಚರ್ಮದವರು ಡಬ್ಬಿ ವಾಪಸ್ ಇಡಿ. ಗ್ಲಿಸರಿನ್ ಮೊದಲ ನಾಲ್ಕರೊಳಗಿದ್ದರೆ ಸಂತೋಷ. ತೇವ ಹಿಡಿದಿಡುವ ಪದಾರ್ಥಗಳಲ್ಲಿ ಅದು ಹಳೆಯದು, ಅಗ್ಗದ್ದು, ಕೆಲಸಕ್ಕೆ ಬರುವಂಥದ್ದು.

ಹಾಗೆಂದು ಒಂದು ಹೆಸರು ಕಂಡ ಕೂಡಲೇ ಹೌಹಾರಬೇಡಿ. 1947ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಹುಟ್ಟಿದ ಸೆಟಾಫಿಲ್ ಎಂಬ ಕ್ಲೆನ್ಸರಿನ ಹಳೆಯ ಸೂತ್ರದಲ್ಲಿ ಇದ್ದದ್ದು ಎಂಟೇ ಪದಾರ್ಥ. ಅದರಲ್ಲಿ ಲಾರಿಲ್ ಸಲ್ಫೇಟೂ ಒಂದು! ಆದರೆ ಅದು ನೀರು, ಸೀಟೈಲ್ ಆಲ್ಕೊಹಾಲ್, ಪ್ರೊಪಿಲೀನ್ ಗ್ಲೈಕಾಲ್ ಆದಮೇಲೆ, ಚಿಟಿಕೆಯಷ್ಟು. ಸೂಕ್ಷ್ಮ ಚರ್ಮದವರಿಗೆಂದು ದಶಕಗಟ್ಟಲೆ ಡಾಕ್ಟರುಗಳು ಬರೆದುಕೊಟ್ಟದ್ದು ಇದನ್ನೇ. ಈಗ ಅದರ ಸೂತ್ರ ಬದಲಾಗಿದೆ, ಗ್ಲಿಸರಿನ್, ನಿಯಾಸಿನಮೈಡ್, ಪ್ಯಾಂಥೆನಾಲ್ ಸೇರಿವೆ. ‘ಆಲ್ಕೊಹಾಲ್’ ಎಂಬ ಪದಕ್ಕೂ ಬೆಚ್ಚಬೇಕಿಲ್ಲ. ಸೀಟೈಲ್, ಸ್ಟಿಯರಿಲ್ ಆಲ್ಕೊಹಾಲ್‌ಗಳು ಮೇಣದಂಥ ಮೃದು ಪದಾರ್ಥಗಳು, ಸ್ಯಾನಿಟೈಸರಿನ ಸ್ಪಿರಿಟ್ ಅಲ್ಲ.

ನೊರೆ ಬಾರದ ಇಂಥ ಹಾಲಿನಂಥ ಲೋಷನ್‌ಗಳನ್ನು ಗ್ಲೆನ್‌ಮಾರ್ಕ್‌ನ ಎಪಿಸಾಫ್ಟ್‌ನಂತೆ ನಮ್ಮದೇ ಔಷಧ ಕಂಪನಿಗಳೂ ತಯಾರಿಸುತ್ತವೆ. ಮಾಲ್‌ಗಳ ಗಾಜಿನ ಕಪಾಟಿನಲ್ಲಿ ಇವು ಕಾಣುವುದು ಅಪರೂಪ. ಮೆಡಿಕಲ್ ಶಾಪಿನಲ್ಲಿ ‘ಕ್ಲೆನ್ಸಿಂಗ್ ಲೋಷನ್’ ಎಂದು ಕೇಳಬೇಕು. ನೊರೆ ಬೇಕೇ ಬೇಕು ಎನ್ನುವವರಿಗೆ ಸಾಮಾನ್ಯ ಕಂಪನಿಗಳ ಸುವಾಸನೆಯಿಲ್ಲದ ಫೇಸ್‌ವಾಶ್‌ಗಳಿವೆ. ಒಂದೇ ಮಾಲೀಕರ ಕೈಯಲ್ಲಿ ದುಬಾರಿಯದೂ ಅಗ್ಗದ್ದೂ ಇರುವುದುಂಟು. ಲಾ ರೋಶ್ ಪೊಸೆ, ಸೆರಾವಿ, ಗಾರ್ನಿಯರ್ ಮೂರೂ ಲೊರಿಯಲ್ ಮನೆಯವೇ. ಹಾಗಂತ ಒಂದೇ ಸೂತ್ರ ಎಂದಲ್ಲ. ಬೆಲೆ ಎನ್ನುವುದು ಯಾವ ಕಪಾಟಿಗೆ, ಯಾರಿಗೆ ಎಂದು ನೋಡಿ ಕೂಡ ನಿಗದಿಯಾಗುತ್ತದೆ ಎಂಬುದಕ್ಕೆ ಹೇಳಿದೆ.

ಸುವಾಸನೆ ವಿಷಯದಲ್ಲಿ ಒಂದು ಎಚ್ಚರ. ‘ಫ್ರೇಗ್ರೆನ್ಸ್ ಫ್ರೀ’ ಬೇರೆ, ‘ಅನ್‌ಸೆಂಟೆಡ್’ ಬೇರೆ. ಎರಡನೆಯದರಲ್ಲಿ ಮೂಲ ವಾಸನೆ ಮುಚ್ಚಲೆಂದೇ ಇನ್ನೊಂದು ಪರಿಮಳ ಸೇರಿಸಿರಬಹುದು. ಇನ್ನು ಮುಖ ಬೆಳ್ಳಗಾಗಿಸುವ ಫೇಸ್‌ವಾಶ್ ಬಗ್ಗೆ ಬರೆದು ಜಾಗ ಹಾಳು ಮಾಡುವುದಿಲ್ಲ.

ಸೋಪು ಸಾಲದೇ?

ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ, ಪಿಎಚ್ ಸುಮಾರು 5. ಸೋಪಿನದು 9ರಿಂದ 10, ಅಂದರೆ ಕ್ಷಾರ. ಸೋಪಿನ ಹೊದಿಕೆಯ ಮೇಲಿನ ಟಿಎಫ್‌ಎಂ (ಟೋಟಲ್ ಫ್ಯಾಟಿ ಮ್ಯಾಟರ್) ಶೇ 76 ದಾಟಿದರೆ ಗ್ರೇಡ್ 1, ಹಾಗಾಗಿ ಮುಖಕ್ಕೂ ಉತ್ತಮ ಎಂಬ ನಂಬಿಕೆ ನಮ್ಮಲ್ಲಿದೆ. ಟಿಎಫ್‌ಎಂ ಹೇಳುವುದು ಸೋಪಿನಲ್ಲಿ ಕೊಬ್ಬಿನಂಶ ಎಷ್ಟು, ಕಲಬೆರಕೆ ಎಷ್ಟು ಕಡಿಮೆ ಎಂಬುದನ್ನು. ಗ್ರೇಡ್ 1 ಸೋಪೂ ಕ್ಷಾರವೇ. ಅನುಮಾನವಿದ್ದರೆ ಎಸ್ಸೆಸ್ಸೆಲ್ಸಿ ಓದುವ ಮಕ್ಕಳ ಹತ್ತಿರ ಕೆಂಪು ಲಿಟ್ಮಸ್ ಕಾಗದ ಕೇಳಿ ಸೋಪಿನ ನೊರೆಗೆ ಅದ್ದಿ ನೋಡಿ, ನೀಲಿಯಾಗುತ್ತದೆ. ಎಣ್ಣೆ ಚರ್ಮದವರು, ಕಿರಿಕಿರಿ ಇಲ್ಲದವರು ಸೋಪಿನಲ್ಲೇ ಬದುಕಿದ್ದಾರೆ, ಬದುಕಲಿ. ಒಣ ಚರ್ಮದವರಿಗೆ ‘ಬಾರ್’ ರೂಪದಲ್ಲೇ ಬೇಕಿದ್ದರೆ ಡವ್‌ನಂಥ ಸೋಪಲ್ಲದ ಸೋಪುಗಳಿವೆ. ಅವುಗಳ ಮುಖ್ಯ ಪದಾರ್ಥ ಐಸಿಥಯೊನೇಟ್.

ನಲ್ಲಿಯಲ್ಲಿ ಬರುವ ನೀರೂ ಇಲ್ಲಿ ಪಾತ್ರಧಾರಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡಸಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಮೊಸರೊಡೆದಂಥ ಬಿಳಿ ಪದರವಾಗುತ್ತವೆ. ಬಕೆಟ್ಟಿನ ಅಂಚಿಗೆ ಹಿಡಿಯುವ ಆ ಪದರವೇ ಮುಖಕ್ಕೂ ಹಿಡಿಯುತ್ತದೆ. ಮೈಸೂರಿನ ತವರಿನಲ್ಲಿ ಹೊಂದಿದ್ದ ಸೋಪು ಬೆಂಗಳೂರಿನ ಹೊರವಲಯದ ಅಪಾರ್ಟ್‌ಮೆಂಟಿಗೆ ಬಂದಮೇಲೆ ಮುಖ ಬಿಗಿಯುವಂತೆ ಮಾಡಿದರೆ ತಪ್ಪು ಸೋಪಿನದಷ್ಟೇ ಅಲ್ಲ. ಸೋಪಲ್ಲದ ಫೇಸ್‌ವಾಶ್‌ಗಳಿಗೆ ಈ ತೊಂದರೆ ಇಲ್ಲ.

ಲೆಕ್ಕ ಮಿಲಿಲೀಟರಿನಲ್ಲಿ ಹಾಕಿ

ಎಂಆರ್‌ಪಿ ಪಕ್ಕದಲ್ಲಿ ‘ಯುನಿಟ್ ಸೇಲ್ ಪ್ರೈಸ್’ ಎಂದು ಸಣ್ಣದಾಗಿ ಅಚ್ಚಾಗಿರುತ್ತದೆ. ಒಂದು ಮಿಲಿಗೋ ಗ್ರಾಮಿಗೋ ಎಷ್ಟು ರೂಪಾಯಿ ಎಂಬ ಲೆಕ್ಕ ಅದು. ಹೋಲಿಸಬೇಕಾದದ್ದು ಅದನ್ನೇ. ಜೊತೆಗೆ ಒಂದು ಸಲಕ್ಕೆ ಎಷ್ಟು ಖರ್ಚಾಗುತ್ತದೆ ಎಂಬುದೂ ಬೇಕು. ನಾನು ಮಕ್ಕಳ ಕೆಮ್ಮಿನ ಸಿರಪ್ಪಿನ ಮುಚ್ಚಳ ತಂದು, 5 ಮಿಲಿ ಗೆರೆ ಮುಟ್ಟಲು ಎಷ್ಟು ಸಲ ಪಂಪ್ ಒತ್ತಬೇಕು ಎಂದು ಎಣಿಸಿದೆ. ಮೂರು ಸಲ! ಮಗನ ನಾಲ್ಕು ಒತ್ತು ಎಂದರೆ ಸುಮಾರು ಏಳು ಮಿಲಿ, ಕಾಲಿಗೆ.

ಲೆಕ್ಕ ಹಿಡಿಯಲೆಂದು ಒಂದು ಉದಾಹರಣೆ: 125 ಮಿಲಿಗೆ ₹500 ಎಂದರೆ ಮಿಲಿಗೆ ₹4. ಸಲಕ್ಕೆ 3 ಮಿಲಿ, ದಿನಕ್ಕೆರಡು ಸಲ ಎಂದರೆ ತಿಂಗಳಿಗೆ ₹720. 100 ಮಿಲಿಗೆ ₹180ರ ಫೇಸ್‌ವಾಶ್ ಮಿಲಿಗೆ ₹1.80. ನೊರೆ ಬರುವುದರಿಂದ ಸಲಕ್ಕೆ 1 ಮಿಲಿ, ಅಂದರೆ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಸಾಕು. ತಿಂಗಳಿಗೆ ₹108. ದುಬಾರಿಯದನ್ನೇ ಬಿಡಲಾರೆ ಎನ್ನುವವರು ಬೆಳಗ್ಗೆ ಬರೀ ನೀರಿನಲ್ಲಿ ತೊಳೆದು ರಾತ್ರಿ ಮಾತ್ರ ಅದನ್ನು ಬಳಸಿದರೂ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಒಣ ಚರ್ಮಕ್ಕೆ ಅದು ಒಳ್ಳೆಯದೂ ಹೌದು. ಉಳಿದ ದುಡ್ಡು ಸನ್‌ಸ್ಕ್ರೀನಿಗೆ ಹೋಗಲಿ, ಅದು ಚರ್ಮದ ಮೇಲೆ ಉಳಿಯುವ ವಸ್ತು.

ಅಡುಗೆಮನೆಯ ಡಬ್ಬಿಗಳು

ಹೆಸರುಹಿಟ್ಟು, ಕಡಲೆಹಿಟ್ಟು ಎಣ್ಣೆ ಹೀರುತ್ತವೆ. ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ಆಗಿಂದಾಗ ಕಲಸಿ, ಉಜ್ಜದೆ ಸವರಿ ತೊಳೆದರೆ ತೊಂದರೆಯಿಲ್ಲ. ಕಲಸಿಟ್ಟದ್ದು ಮರುದಿನಕ್ಕೆ ಹುಳಿ. ಹೆಚ್ಚು ಹೊತ್ತು ನಿಲ್ಲುವ ಸನ್‌ಸ್ಕ್ರೀನ್, ಕಾಡಿಗೆ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಕಾಡಿಗೆಗೆ ಎರಡು ಹನಿ ಕೊಬ್ಬರಿ ಎಣ್ಣೆ ಸಾಕು. ಮೊಡವೆ ಮುಖದವರು ಅದನ್ನು ಕೆನ್ನೆಗೆ ತರಬೇಡಿ. ಸೀಗೆಕಾಯಿ, ಅಂಟುವಾಳ ತಲೆಗೇ ಇರಲಿ. ಅವು ಕಣ್ಣಿಗೆ ಬಿದ್ದು ಉರಿ ಕಂಡವರಿಗೆ ಕಾರಣ ಹೇಳಬೇಕಿಲ್ಲ.

ನಿಂಬೆರಸ ಬೇಡವೇ ಬೇಡ. ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟಂತಾಗಿ ಕಪ್ಪು ಕಲೆ ಉಳಿಯಬಹುದು. ಅಡುಗೆ ಸೋಡಾ ಕೂಡ ಬೇಡ.

ಒಂದು ವಾರದ ಪರೀಕ್ಷೆ

ಸಿಗುವುದಾದರೆ ಚಿಕ್ಕ ಪ್ಯಾಕನ್ನೇ ತನ್ನಿ. ಮಿಲಿ ಲೆಕ್ಕದಲ್ಲಿ ದುಬಾರಿಯಾದರೂ ಈ ಒಂದು ಸಲ ಸಹಿಸಿಕೊಳ್ಳಿ. ಮೊದಲ ವಾರ ಮೊಣಕೈ ಮಡಿಕೆಯ ಒಳಗೆ ದಿನಕ್ಕೆರಡು ಸಲ ಹಚ್ಚಿ, ಐದು ನಿಮಿಷ ಬಿಟ್ಟು ತೊಳೆಯಿರಿ. ತುರಿಕೆ, ಕೆಂಪು ಬಾರದಿದ್ದರೆ ಮುಖಕ್ಕೆ. ಅದೇ ವಾರ ಹೊಸ ಕ್ರೀಮು, ಹೊಸ ಸನ್‌ಸ್ಕ್ರೀನು ಶುರು ಮಾಡಬೇಡಿ, ಆಮೇಲೆ ಕಳ್ಳ ಯಾರೆಂದು ತಿಳಿಯುವುದಿಲ್ಲ.

ತೊಳೆದ ಮೇಲೆ ಏನೂ ಹಚ್ಚದೆ ಹತ್ತು ನಿಮಿಷ ಕಾದು, ಬಾಯಿ ಅಗಲಿಸಿ ಆಕಳಿಸಿ. ಕೆನ್ನೆ ಎಳೆದಂತಾದರೆ ಅದು ನಿಮಗೆ ಗಡಸು. ಬೆರಳಾಡಿಸಿದರೆ ‘ಕಿರ್’ ಎನ್ನುವ ಶುಭ್ರತೆ ಶುಭ್ರತೆಯಲ್ಲ, ಇರಬೇಕಾದ ಎಣ್ಣೆಯೂ ಹೋಗಿದೆ ಎಂದರ್ಥ. ಬೆರಳಿಗೆ ಫೇಸ್‌ವಾಶಿನ ಲೋಳೆ ಇನ್ನೂ ಅಂಟಿದರೆ, ಸಾಕಷ್ಟು ತೊಳೆದಿಲ್ಲ. ಮಂಗಳೂರಿನ ಸೆಕೆಯಲ್ಲಿ ಗೆದ್ದದ್ದು ಕಲಬುರಗಿಯ ಒಣ ಹವೆಯಲ್ಲಿ ಸೋಲಬಹುದು, ಊರು ಬದಲಾದರೆ ಈ ಆಕಳಿಕೆ ಪರೀಕ್ಷೆ ಮತ್ತೊಮ್ಮೆ ಮಾಡಿ. ಉರಿ, ಊತ, ನೀರುಗುಳ್ಳೆ ಕಂಡರೆ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಅಂಗಡಿಯವರು ಕೊಡುವ ಟ್ಯೂಬು ತಂದು ಮೆತ್ತಿಕೊಳ್ಳಬೇಡಿ, ಅಂಥವುಗಳಲ್ಲಿ ಸ್ಟೀರಾಯ್ಡ್ ಇರುವುದುಂಟು.

ಪರೀಕ್ಷೆಯಲ್ಲಿ ಸೋತ ಡಬ್ಬಿ ಬಿಸಾಡಬೇಕಿಲ್ಲ. ಬಾಚಣಿಗೆ, ಮೇಕಪ್ ಬ್ರಷ್, ಬ್ಲೌಸಿನ ಕತ್ತುಪಟ್ಟಿಯ ಕೊಳೆ, ಎಲ್ಲಕ್ಕೂ ಬರುತ್ತದೆ. ನಮ್ಮ ಮನೆಯಲ್ಲಂತೂ ಅದಕ್ಕೊಬ್ಬ ಖಾಯಂ ಗಿರಾಕಿ ಇದ್ದಾನೆ, ಸಂಜೆ ಆರೂವರೆಗೆ, ಕೆಂಪು ಮಣ್ಣಿನ ಕಾಲಿನಲ್ಲಿ.